ನಿಮಗಿದು ಗೊತ್ತೇ? ಬಟವಾಡೆ ತಪ್ಪದ ಸಮಾಜಸೇವೆ

ಕೈಯಿಂದ ಕೊಟ್ಟರೆ ಸೇವೆ, ಕೈಗೆ ಬಂದರೆ ವ್ಯಾಪಾರ ಎಂಬುದು ನಮ್ಮ ಜಗಲಿಕಟ್ಟೆಯ ಲೆಕ್ಕ. ಇವೆರಡರ ಮಧ್ಯೆ ಇನ್ನೊಂದು ದಾರಿಯಿದೆ. ಸರಕು ಮಾರಿ, ಖರ್ಚು ಕಳೆದು, ಉಳಿದದ್ದನ್ನು ಊರಿನ ಒಂದು ಕಷ್ಟ ನೀಗಲು ಹಾಕುವುದು. ಈಚೆಗೆ ಅದಕ್ಕೆ ಸಾಮಾಜಿಕ ಉದ್ಯಮ ಎಂಬ ಹೆಸರು ಬಂದಿದೆ. ಹೆಸರು ಹೊಸದಾದರೂ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಆ ಕೆಲಸ ಹಳೆಯದು. ಅದರಲ್ಲಿ ಗೆದ್ದವರೂ ಇಲ್ಲಿದ್ದಾರೆ, ಕೈ ಸುಟ್ಟುಕೊಂಡವರೂ ಇದ್ದಾರೆ. ಯಾರು ಗೆದ್ದರು ಎಂದು ತಿಳಿಯಬೇಕಾದರೆ ರೈತನ ಕೈಗೆ ದುಡ್ಡು ಎಷ್ಟು ದಿನಕ್ಕೆ ಬಂತು ಎಂದು ಕೇಳಿದರೆ ಸಾಕು, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

★ ಮಂಡ್ಯ ಜಿಲ್ಲೆ ಹುಟ್ಟುವ ಮೊದಲೇ ಮಂಡ್ಯದ ಸಕ್ಕರೆ ಕಾರ್ಖಾನೆ ಹುಟ್ಟಿತ್ತು, ಗೊತ್ತೇ? ಮೈಸೂರು ಸಕ್ಕರೆ ಕಂಪನಿ, ಅಂದರೆ ನಮ್ಮ ಮೈಷುಗರ್, ಸ್ಥಾಪನೆಯಾದದ್ದು 1933ರಲ್ಲಿ. ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯಾದದ್ದು 1939ರ ಜುಲೈ 1ರಂದು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿದು ಕಬ್ಬು ಎದ್ದು ನಿಂತ ಮೇಲೆ, ಅದನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂತು. ಆಗ ಸಂಸ್ಥಾನದ ಸರ್ಕಾರವೇ ಬಂಡವಾಳ ಹಾಕಿ ಕಂಪನಿ ಕಟ್ಟಿತು. ಬೆಳೆಗಾರನ ಕಬ್ಬಿಗೆ ಗಿರಾಕಿ ಹುಟ್ಟಿಸುವುದೇ ಅದರ ಉದ್ದೇಶ.

★ ಆ ಕಾರ್ಖಾನೆಗಾಗಿ ಓಡಾಡಿದವರಲ್ಲಿ ಮುಖ್ಯರು ಕೆನಡಾದಿಂದ ಬಂದ ಕೀಟಶಾಸ್ತ್ರಜ್ಞ ಲೆಸ್ಲಿ ಕೋಲ್ಮನ್, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರೂ ಇವರೇ. ಹೆಬ್ಬಾಳದ ಕೃಷಿ ಶಾಲೆಯ ಹಿಂದಿದ್ದವರೂ ಇವರೇ.

★ ಕಬ್ಬು ಕಾರ್ಖಾನೆಗೆ ಹೋದ 14 ದಿನದೊಳಗೆ ರೈತನಿಗೆ ದುಡ್ಡು ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಿ ಕೊಡಬೇಕು. ಇದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಬಡ್ಡಿ ಬಂದವರು ಯಾರಾದರೂ ಸಿಕ್ಕರೆ ಮಂಡ್ಯದಲ್ಲಿ ಮೆರವಣಿಗೆ ಮಾಡಬಹುದು. ಬಾಕಿ ಕೊಡಿ ಎಂದು ಹೆದ್ದಾರಿಯಲ್ಲಿ ಕೂತವರ ಫೋಟೊ ಮಾತ್ರ ವರ್ಷ ವರ್ಷ ಪತ್ರಿಕೆಯಲ್ಲಿ ಬರುತ್ತದೆ.

★ ಆಲೆಮನೆ ಇನ್ನೂ ಯಾಕೆ ಉಳಿದಿದೆ ಎನ್ನುವುದಕ್ಕೂ ಈ ಬಾಕಿಯೇ ಉತ್ತರ. ಕಾರ್ಖಾನೆಯ ದರಕ್ಕಿಂತ ಟನ್ನಿಗೆ ಕಡಿಮೆ ಸಿಕ್ಕರೂ ಆಲೆಮನೆಯವನು ದುಡ್ಡನ್ನು ಬೇಗ ಎಣಿಸುತ್ತಾನೆ. ಮಗಳ ಫೀಸಿಗೆ, ಬೋರಿನ ಮೋಟಾರು ಕಟ್ಟಿಸಲಿಕ್ಕೆ ಅದೇ ಆಗಬೇಕು. ಮಂಡ್ಯದ ಬೆಲ್ಲದ ಮಾರುಕಟ್ಟೆಗೆ ಹೋದರೆ ಅಚ್ಚು, ಕುರಿಕಾಲಚ್ಚು, ಬಕೆಟ್, ಬಾಕ್ಸ್ ಎಂದು ನಾಲ್ಕು ಬಗೆಯಲ್ಲಿ ಹರಾಜು ಕೂಗುತ್ತಾರೆ. ಒಂದು ಜಿಲ್ಲೆ ಒಂದು ಉತ್ಪನ್ನ ಎಂಬ ಕೇಂದ್ರದ ಯೋಜನೆಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದೂ ಬೆಲ್ಲವೇ.

★ ಸಹಕಾರಿ ಎಂದು ಹೆಸರಿಟ್ಟ ಮಾತ್ರಕ್ಕೆ ಸಂಸ್ಥೆ ಬದುಕುವುದಿಲ್ಲ. ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿ, ಕೊನೆಗೆ 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಪಾಲಾಯಿತು. ಹಲವು ವರ್ಷ ನಿಂತಿದ್ದ ಮೈಷುಗರ್ 2022ರಲ್ಲಿ ಮತ್ತೆ ಕಬ್ಬು ಅರೆಯಿತು, ಅದೂ ಸರ್ಕಾರದ ದುಡ್ಡಿನ ಬಲದಿಂದ.

★ ಈಗ ಹಾಲಿನ ಡೇರಿಗೆ ಬನ್ನಿ, ಇಲ್ಲಿ ಸ್ವಲ್ಪ ನಿಲ್ಲಬೇಕು. ಮದ್ದೂರು ಸೀಮೆಯ ಯಾವ ಹಳ್ಳಿಯಾದರೂ ಸರಿ, ಬೆಳಗಾಗುವ ಹೊತ್ತಿಗೆ ಡೇರಿಯ ಮುಂದೆ ಕ್ಯಾನು, ಚೊಂಬು, ಸ್ಟೀಲ್ ಡಬ್ಬಗಳ ಸಾಲು. ಒಬ್ಬರು ಅಳೆಯುತ್ತಾರೆ, ಒಬ್ಬರು ಸ್ಯಾಂಪಲ್ ತೆಗೆದು ಮೆಷಿನ್ನಿಗೆ ಹಿಡಿಯುತ್ತಾರೆ. ಫ್ಯಾಟು, ಡಿಗ್ರಿ, ಲೀಟರು, ರೇಟು ನಾಲ್ಕೂ ಚೀಟಿಯಲ್ಲಿ ಮೂಡುತ್ತವೆ. "ಅದ್ಯಾಕಣ್ಣ ಇವತ್ತು ಫ್ಯಾಟು ಕಮ್ಮಿ ಬಂದದೆ? ನಿನ್ನೆ ತಿಂದ ಹುಲ್ನೇ ತಾನೆ ನಮ್ಮಸ ಇವತ್ತೂ ತಿಂದಿರೋದು" ಎಂದು ಒಬ್ಬಾಕೆ ಸೆಕ್ರೆಟರಿಯನ್ನು ತರಾಟೆಗೆ ತೆಗೆದುಕೊಂಡರೆ, "ಮೆಷಿನ್ ಕೇಳು ಕಣಕ್ಕ, ನನ್ ಕೇಳ್ಬ್ಯಾಡ" ಎನ್ನುತ್ತಾರೆ ಅವರು. ದಿನಕ್ಕೆರಡು ಸಲ ಲೆಕ್ಕಪರಿಶೋಧನೆ ಎಂದರೆ ಇದೇ. ಯಾವ ದೊಡ್ಡ ಕಂಪನಿಯ ಷೇರುದಾರನಿಗೂ ಹೀಗೆ ಆಡಳಿತವನ್ನು ನಿಂತ ನಿಲುವಿನಲ್ಲಿ ಕೇಳುವ ಭಾಗ್ಯವಿಲ್ಲ. ಆ ಮೇಲೆ ಬರುವುದು ಬಟವಾಡೆ. ಒಂದು ಊರಲ್ಲಿ ವಾರಕ್ಕೆ, ಇನ್ನೊಂದರಲ್ಲಿ ಹದಿನೈದು ದಿನಕ್ಕೆ. ಬಟವಾಡೆಯ ದಿನ ನೋಡಿಕೊಂಡೇ ದಿನಸಿ ಅಂಗಡಿಯವರು ಸಾಲ ಬರೆಯುವುದು, ಸ್ವಸಹಾಯ ಸಂಘದ ಕಂತು ನಿಗದಿಯಾಗುವುದು.

★ ಮಂಡ್ಯ ಹಾಲು ಒಕ್ಕೂಟ, ಅಂದರೆ ಮನ್‌ಮುಲ್, 1987ರಿಂದ ಸ್ವಂತ ಕಾಲ ಮೇಲೆ ನಿಂತಿದೆ. ಡೇರಿ ಇರುವುದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ರಾಜ್ಯದ ಹೈನು ಯೋಜನೆ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದದ್ದು 1974ರಲ್ಲಿ, ಅದು ಕರ್ನಾಟಕ ಹಾಲು ಮಹಾಮಂಡಳಿಯಾದದ್ದು 1984ರಲ್ಲಿ. ಮಾದರಿ ಗುಜರಾತಿನ ಆಣಂದ್‌ನದು: ಊರಲ್ಲಿ ಸಂಘ, ಜಿಲ್ಲೆಗೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳಿ. ಅಲ್ಲಿನ ಖೇಡಾ ಒಕ್ಕೂಟ 1946ರದು.

★ ಸದಸ್ಯರೂ ಹೆಂಗಸರೇ, ನಿರ್ದೇಶಕರೂ ಹೆಂಗಸರೇ ಆಗಿರುವ ಹಾಲಿನ ಸಂಘಗಳಿವೆ. ಸಗಣಿ ಬಾಚುವವರು, ಹುಲ್ಲು ತರುವವರು, ಕರೆಯುವವರು ಅವರೇ ಆದ ಮೇಲೆ ಪಾಸ್‌ಬುಕ್ಕಲ್ಲಿ ಗಂಡನ ಹೆಸರು ಯಾಕೆ ಎಂಬ ಸರಳ ಪ್ರಶ್ನೆಗೆ ಸಿಕ್ಕ ಉತ್ತರವದು.

★ ಶಾಲೆಯ ಮಕ್ಕಳು ಕುಡಿಯುವ ಕ್ಷೀರಭಾಗ್ಯದ ಹಾಲು 2013ರ ಆಗಸ್ಟ್ 1ರಂದು ಶುರುವಾಯಿತು. ಮಕ್ಕಳ ಪೌಷ್ಟಿಕತೆ ಅದರ ಒಂದು ಮುಖ. ಇನ್ನೊಂದು ಮುಖ ಒಕ್ಕೂಟಗಳ ಗೋದಾಮಿನಲ್ಲಿತ್ತು: ಹಾಲು ಹೆಚ್ಚಾದಾಗ ಪುಡಿ ಮಾಡಿಡಬೇಕು, ಪುಡಿಗೆ ಬೆಲೆ ಸಿಗದಿದ್ದರೆ ನಷ್ಟ ಬರುವುದು ರೈತನ ದರಕ್ಕೇ. ಆ ಪುಡಿಗೆ ಸರ್ಕಾರವೇ ಗಿರಾಕಿಯಾಯಿತು. ಮಗುವಿನ ಲೋಟವೂ ತುಂಬಿತು, ಡೇರಿಯ ಗೋದಾಮೂ ಖಾಲಿಯಾಯಿತು. ಸಮಾಜಸೇವೆಯನ್ನೂ ವ್ಯಾಪಾರವನ್ನೂ ಒಂದೇ ಲೋಟದಲ್ಲಿ ಇಷ್ಟು ಚೆನ್ನಾಗಿ ಬೆರೆಸಿದ್ದು ನನಗೆ ಬೇರೆಲ್ಲೂ ಕಂಡಿಲ್ಲ.

★ ಬೆರೆಸುವ ಮಾತು ಬಂತಲ್ಲ. 2021ರಲ್ಲಿ ಇದೇ ಮನ್‌ಮುಲ್‌ಗೆ ಹಾಲು ಸಾಗಿಸುವ ಗುತ್ತಿಗೆ ಟ್ಯಾಂಕರುಗಳಲ್ಲಿ ನೀರು ಬೆರೆತ ಹಗರಣ ಹೊರಬಿದ್ದು ಜಿಲ್ಲೆಯೇ ಬೆಚ್ಚಿತ್ತು. ಊರಿನ ಡೇರಿಯಲ್ಲಿ ಚೊಂಬು ಹಾಲಿಗೂ ಡಿಗ್ರಿ ನೋಡುತ್ತಾರೆ, ಟ್ಯಾಂಕರಿಗೆ ಯಾಕೆ ನೋಡಲಿಲ್ಲ ಎಂದು ಹಾಲು ಹಾಕುವವರು ಕೇಳಿದರು. ನ್ಯಾಯವಾದ ಪ್ರಶ್ನೆ.

★ ತಿಂಗಳಿಗೆ ಐದು ರೂಪಾಯಿಗೆ ಹೃದಯದ ಆಪರೇಷನ್ ಎಂದರೆ ನಂಬುತ್ತೀರಾ? ಯಶಸ್ವಿನಿ ಯೋಜನೆ 2003ರ ಜೂನ್‌ನಲ್ಲಿ ಶುರುವಾದಾಗ ವರ್ಷದ ವಂತಿಗೆ 60 ರೂಪಾಯಿ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಯೋಚನೆ, ಸಹಕಾರ ಇಲಾಖೆಯ ಜಾಲ. ಹಾಲಿನ ಸಂಘ, ಕೃಷಿ ಪತ್ತಿನ ಸಂಘಗಳ ಸದಸ್ಯರ ಪಟ್ಟಿ ಸಿದ್ಧವಿತ್ತು, ದುಡ್ಡು ವಸೂಲಿಗೆ ಸೆಕ್ರೆಟರಿ ಇದ್ದ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಲಕ್ಷಾಂತರ ಜನ ಸೇರಿದರೆ ಕಾಯಿಲೆ ಬೀಳುವವರು ಕೆಲವರೇ, ಉಳಿದವರ ಅರವತ್ತು ರೂಪಾಯಿ ಅವರ ಬೆನ್ನಿಗೆ ನಿಲ್ಲುತ್ತದೆ. 2018ರಲ್ಲಿ ನಿಂತುಹೋದ ಯೋಜನೆಯ ನೋಂದಣಿ 2022ರ ನವೆಂಬರ್‌ನಲ್ಲಿ ಮತ್ತೆ ಆರಂಭವಾಯಿತು. ಗ್ರಾಮೀಣ ಕುಟುಂಬದ ನಾಲ್ವರವರೆಗೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ.

★ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ 1844ರಲ್ಲಿ ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ ಮಾರಲು ತೆರೆದ ಅಂಗಡಿಯನ್ನೇ ಜಗತ್ತಿನ ಸಹಕಾರ ಚಳವಳಿ ತನ್ನ ತವರು ಎನ್ನುತ್ತದೆ. ನಮ್ಮದು ಗದಗ ಜಿಲ್ಲೆಯ ಕಣಗಿನಹಾಳ, 1905, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಪತ್ತಿನ ಸಂಘ.

★ ಇನ್ನು ಹೊಸ ಕಾಲದವರು. ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಮಧುಚಂದನ್ 2014ರಲ್ಲಿ ಊರಿಗೆ ಮರಳಿದರು. 2015 ಮಂಡ್ಯದ ಪಾಲಿಗೆ ಕೆಟ್ಟ ವರ್ಷ, ಕಬ್ಬು ಬೆಳೆಗಾರರ ಆತ್ಮಹತ್ಯೆಯ ಸುದ್ದಿ ಒಂದರ ಹಿಂದೊಂದು ಬಂತು. ಅವರು ಗೆಳೆಯರೊಂದಿಗೆ ಬಂಡವಾಳ ಕೂಡಿಸಿ, ಸಾವಯವ ರೈತರ ಸಹಕಾರ ಸಂಘ ಕಟ್ಟಿ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 'ಆರ್ಗ್ಯಾನಿಕ್ ಮಂಡ್ಯ' ಅಂಗಡಿ ತೆರೆದರು. ಜಾಗದ ಆಯ್ಕೆಯಲ್ಲೇ ಜಾಣತನವಿತ್ತು. ಸಾವಯವ ಬೆಳೆಯುವವರು ಮೊದಲೂ ಇದ್ದರು, ಆದರೆ ಅವರ ರಾಗಿ ಮಂಡಿಗೆ ಹೋದರೆ ಎಲ್ಲರ ರಾಗಿಯ ಜೊತೆ ಒಂದೇ ರಾಶಿಯಾಗುತ್ತಿತ್ತು, ದರವೂ ಒಂದೇ. ಕೊಳ್ಳುವ ಶಕ್ತಿಯಿದ್ದ ಗಿರಾಕಿ ಬೆಂಗಳೂರಲ್ಲಿದ್ದ, ವಾರಾಂತ್ಯಕ್ಕೆ ಮೈಸೂರಿಗೆ ಕಾರು ಓಡಿಸುತ್ತಿದ್ದ. ಆ ಕಾರನ್ನು ನಿಲ್ಲಿಸಿದ್ದು ಅಂಗಡಿ. ಮುಂದೆ ಅದೇ ಗಿರಾಕಿಯನ್ನು ಗದ್ದೆಗೂ ಇಳಿಸಿದರು. ಬೆವರು ದಾನ ಎಂಬ ಹೆಸರಲ್ಲಿ ಪೇಟೆಯವರು ಬಂದು, ಕೂಲಿಯಾಳು ಸಿಗದ ರೈತನ ಹೊಲದಲ್ಲಿ ಒಂದು ದಿನ ಮೈ ಬಗ್ಗಿಸಿದರು. ನಾಟಿ ಎಷ್ಟು ಸೊಟ್ಟಗಾಯಿತೋ ಬೇರೆ ಮಾತು, ಅಕ್ಕಿಯ ಬೆಲೆ ಮಾತ್ರ ಬೆನ್ನಿಗೆ ತಿಳಿದಿರುತ್ತದೆ.

★ ಸಾವಯವ ಬೆಲ್ಲ ಮಾರುವವರ ದೊಡ್ಡ ತಲೆನೋವು ಯಾವುದು ಗೊತ್ತೇ? ಬಣ್ಣ. ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆದು ಕಾಯಿಸಿದ ಬೆಲ್ಲ ಕಂದುಗಪ್ಪಾಗಿರುತ್ತದೆ. ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಉದುರಿಸಿದರೆ ಕೊಪ್ಪರಿಗೆಯಲ್ಲಿನ ಪಾಕ ನೋಡನೋಡುತ್ತ ಹಳದಿಯಾಗುತ್ತದೆ, ಅಚ್ಚಿನಿಂದ ತೆಗೆದಾಗ ಫಳಫಳ ಹೊಳೆಯುತ್ತದೆ. ಹರಾಜಿನಲ್ಲಿ ಹೊಳೆಯುವುದಕ್ಕೇ ಹೆಚ್ಚು ಕೂಗು. ಗಿರಾಕಿ ಬೇಡ ಎನ್ನುವವರೆಗೆ ಆಲೆಮನೆಯವನೊಬ್ಬನನ್ನು ಬೈದು ಫಲವಿಲ್ಲ. ಕಪ್ಪು ಬೆಲ್ಲಕ್ಕೆ ಹೆಚ್ಚು ದುಡ್ಡು ಕೊಡುವ ಗಿರಾಕಿಯನ್ನು ಹುಟ್ಟಿಸುವುದೇ ಇಲ್ಲಿ ಸುಧಾರಣೆ.

★ ರಾಜ್ಯಮಟ್ಟದಲ್ಲಿ ಸಾವಯವ ಕೃಷಿ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2004ರಲ್ಲಿ. ಸಾವಯವ ಎಂಬ ಮುದ್ರೆಗೆ ಎರಡು ದಾರಿ: ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುವುದು, ಅದು ದುಬಾರಿ. ಇಲ್ಲವೇ ರೈತರ ಗುಂಪು ಒಬ್ಬರ ಹೊಲವನ್ನು ಒಬ್ಬರು ನೋಡಿ ದೃಢೀಕರಿಸುವ ಪಿಜಿಎಸ್. ಪಕ್ಕದ ಹೊಲದವನು ರಾತ್ರಿ ಯೂರಿಯಾ ಎರಚಿದ್ದು ದೂರದ ಅಧಿಕಾರಿಗಿಂತ ಮೊದಲು ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ನಂಬಿಕೆ ಸುಳ್ಳೇನಲ್ಲ. ಆದರೆ ಗೊತ್ತಾದದ್ದನ್ನು ಬರೆದುಕೊಡುವವರು ಎಷ್ಟು ಮಂದಿ?

★ ಬೆಂಗಳೂರು–ಮೈಸೂರು ದಶಪಥವನ್ನು ಪ್ರಧಾನಿ ಉದ್ಘಾಟಿಸಿದ್ದು 2023ರ ಮಾರ್ಚ್ 12ರಂದು, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ. ರಸ್ತೆ ಊರಾಚೆಗೆ ಸರಿದ ಮೇಲೆ ಮದ್ದೂರು ವಡೆಯ ಹೋಟೆಲಿನಿಂದ ಎಳನೀರಿನ ಗಾಡಿಯವರೆಗೆ ಹಳೆ ಹೆದ್ದಾರಿಯನ್ನೇ ನಂಬಿದ್ದವರ ವ್ಯಾಪಾರ ಇಳಿಯಿತು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯರ ಕೈಯಲ್ಲಿ ಹುಟ್ಟಿತು ಎನ್ನುವ ವಡೆ, ರೈಲು ನಿಲ್ಲುತ್ತಿತ್ತೆಂದೇ ಪ್ರಸಿದ್ಧವಾದದ್ದು. ಸಮಾಜಕ್ಕಾಗಿ ತೆರೆದ ಅಂಗಡಿಯೆಂದು ಕಾರುಗಳು ಬೈಪಾಸ್ ಬಿಟ್ಟು ಊರೊಳಗೆ ಬರುವುದಿಲ್ಲ.

★ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಒಂದು ಭತ್ತದ ಮ್ಯೂಸಿಯಂ ಇದೆ. ಸೈಯದ್ ಘನಿ ಖಾನ್ ಅವರ ಮನೆಯದು. ನೂರಾರು ತಳಿಯ ತೆನೆ, ಹೆಸರಿನ ಚೀಟಿ ಸಮೇತ. ಅವರ 'ಬಡಾ ಬಾಗ್' ಮಾವಿನ ತೋಪಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಹಳೆಯ ಮಾವು. ಬೇರೆ ಮ್ಯೂಸಿಯಮ್ಮಿನ ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ಭತ್ತವನ್ನು ಹಾಗಿಟ್ಟರೆ ಕೆಲವೇ ವರ್ಷದಲ್ಲಿ ಮೊಳಕೆಯ ಶಕ್ತಿ ಹೋಗುತ್ತದೆ. ಆದ್ದರಿಂದ ಪ್ರತಿ ತಳಿಯನ್ನೂ ಮತ್ತೆ ಮತ್ತೆ ಗದ್ದೆಗೆ ಹಾಕಬೇಕು. ಪುಟ್ಟ ಪುಟ್ಟ ಮಡಿ, ಪ್ರತಿ ಮಡಿಗೂ ಬೇರೆ ಗೂಟ, ಬೇರೆ ಕಟಾವು, ಬೇರೆ ಚೀಲ. ಒಂದು ತಳಿಯ ಕಾಳು ಇನ್ನೊಂದಕ್ಕೆ ಸೇರಿದರೆ ಕೆಲಸ ಕೆಟ್ಟಂತೆ. ಯಂತ್ರ ಇಳಿಸುವ ಮಾತೇ ಇಲ್ಲ.

★ ಹೀಗೆ ಉಳಿಸಿದ ತಳಿ ಗದ್ದೆಯಿಂದ ಗದ್ದೆಗೆ ಹರಡಬೇಕಾದರೆ ಅದರ ಅಕ್ಕಿಗೆ ಅಂಗಡಿ ಬೇಕು. ಜಿ. ಕೃಷ್ಣಪ್ರಸಾದ್ ಅವರ ಸಹಜ ಸಮೃದ್ಧ ಬಳಗ ಮೊದಲು ಬೀಜ ಮೇಳ ಮಾಡಿತು, ಆಮೇಲೆ 2010ರಲ್ಲಿ ರೈತರದೇ ಉತ್ಪಾದಕರ ಕಂಪನಿ ಕಟ್ಟಿತು. ರಾಜಮುಡಿ, ನವರ, ಗಂಧಸಾಲೆಗಳು ಬೆಂಗಳೂರಿನ ಅಡುಗೆಮನೆಗೆ ಮರಳಿದ್ದು ಭಾಷಣದಿಂದಲ್ಲ, ಕಿಲೋ ಲೆಕ್ಕದ ಪ್ಯಾಕೆಟ್ಟಿನಿಂದ.

★ ಉತ್ಪಾದಕರ ಕಂಪನಿ ಎಂಬ ಜಾತಿಯೇ ಹೊಸದು. ವೈ.ಕೆ. ಅಲಘ್ ಸಮಿತಿಯ ಸಲಹೆಯ ಮೇಲೆ ಕಂಪನಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಅದಕ್ಕೆ ಜಾಗ ಮಾಡಿದರು. ಹತ್ತು ಜನ ಉತ್ಪಾದಕರಿದ್ದರೆ ಶುರು ಮಾಡಬಹುದು. ಎಷ್ಟೇ ಷೇರಿರಲಿ, ಒಬ್ಬರಿಗೆ ಒಂದೇ ಓಟು. ಸಹಕಾರ ಸಂಘದ ಜೀವ, ಕಂಪನಿಯ ಅಂಗಿ. ಅಧಿಕಾರಿ ಬಂದು ಆಡಳಿತ ಮಂಡಳಿ ಸೂಪರ್‌ಸೀಡ್ ಮಾಡುತ್ತಾರೆಂಬ ಹೆದರಿಕೆ ಇಲ್ಲಿ ಇಲ್ಲ. ಲೆಕ್ಕಪತ್ರ ಹೊತ್ತಿಗೆ ಸರಿಯಾಗಿ ಸಲ್ಲಿಸದಿದ್ದರೆ ದಂಡ ಬೀಳುವ ಹೆದರಿಕೆ ಇದೆ. ಒಳ್ಳೆಯ ಸಿಇಒ ಸಿಗದೆ, ಸಿಕ್ಕವರಿಗೆ ಸಂಬಳ ಹುಟ್ಟದೆ ಫಲಕಕ್ಕೇ ಉಳಿದ ಕಂಪನಿಗಳೂ ಉಂಟು.

★ ಲಾಭ ಮಾಡಬಹುದು, ಹಂಚಿಕೊಳ್ಳುವಂತಿಲ್ಲ. ಇದು ಕಂಪನಿ ಕಾಯ್ದೆಯ 8ನೇ ಸೆಕ್ಷನ್, 2013ಕ್ಕೆ ಮೊದಲು ಅದೇ 25ನೇ ಸೆಕ್ಷನ್. ಮೈಸೂರಿನ ಸಂಘಮಿತ್ರ ಗ್ರಾಮೀಣ ಹಣಕಾಸು ಸಂಸ್ಥೆಯನ್ನು ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1995ರಲ್ಲಿ ಹೀಗೇ ನೋಂದಾಯಿಸಿತು. ಸಾಲ ಕೊಡುವ ಕಂಪನಿ, ಆದರೆ ಡಿವಿಡೆಂಡ್ ಕೇಳುವ ಮಾಲೀಕನಿಲ್ಲ. ಸ್ವಸಹಾಯ ಸಂಘಗಳ ಮಾದರಿ ದೇಶಕ್ಕೆ ಹಬ್ಬುವುದರಲ್ಲೂ ಮೈರಾಡದ ಪಾಲು ದೊಡ್ಡದು. 80ರ ದಶಕದಲ್ಲಿ ಅದು ಹಳ್ಳಿಗಳಲ್ಲಿ ಕಟ್ಟಿದ ಗುಂಪುಗಳನ್ನು ನೋಡಿಕೊಂಡ ಮೇಲೆಯೇ ನಬಾರ್ಡ್ 1992ರಲ್ಲಿ ಬ್ಯಾಂಕ್ ಜೋಡಣೆಗೆ ಕೈ ಹಾಕಿದ್ದು.

★ ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ 1976ರಲ್ಲಿ ಜೋಬ್ರಾ ಗ್ರಾಮದ 42 ಜನಕ್ಕೆ ಜೇಬಿನಿಂದ ಕೊಟ್ಟದ್ದು ಒಟ್ಟು 27 ಡಾಲರ್. ಅಲ್ಲಿಂದ ಗ್ರಾಮೀಣ ಬ್ಯಾಂಕ್, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ.

★ ಅದೇ ಕಿರುಸಾಲ ಲಾಭದ ಹುಚ್ಚಿಗೆ ಬಿದ್ದರೆ? 2025ರ ಆರಂಭದಲ್ಲಿ ಮಂಡ್ಯವೂ ಸೇರಿ ಹಲವು ಜಿಲ್ಲೆಗಳಿಂದ ವಸೂಲಿ ಕಿರುಕುಳದ ದೂರು, ಸಾವಿನ ಸುದ್ದಿ ಬಂದವು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸಂಘದ ಕಂತಿಗೆ ಇನ್ನೊಂದು ಸಂಘ, ಅದರ ಕಂತಿಗೆ ಮತ್ತೊಂದು ಎಂದು ಒಂದೇ ಮನೆಯ ಮೇಲೆ ಹೇರಿದವರ ಫಲಕದಲ್ಲೂ ಮಹಿಳಾ ಸಬಲೀಕರಣ ಎಂದೇ ಬರೆದಿತ್ತು.

★ ಕಂತು ಗಳಿಕೆಗೆ ಹೊಂದಬೇಕು ಎಂದು ಹಿಡಿದು ಗೆದ್ದವರು ಸೋಲಾರ್ ದೀಪ ಮಾರುವ ಸೆಲ್ಕೊದವರು. ಹರೀಶ್ ಹಂದೆ ಅವರ ಕಂಪನಿ ಶುರುವಾದದ್ದು 1995ರಲ್ಲಿ. ಬಡವರಿಗೆ ಸೋಲಾರ್ ಕೊಳ್ಳಲಾಗದು ಎನ್ನುವ ಕಾಲದಲ್ಲಿ ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ ದೀಪಕ್ಕೆ ಸಾಲ ಕೊಡಿಸಿದರು. ದಿನದ ದುಡಿಮೆಯವನಿಗೆ ದಿನದ ಕಂತು, ಬೆಳೆಯವನಿಗೆ ಕಟಾವಿನ ಕಂತು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

★ ಮಳವಳ್ಳಿಯ ದಾಸನದೊಡ್ಡಿಯ ಕಾಮೇಗೌಡರನ್ನು ಈ ಪಟ್ಟಿಗೆ ಸೇರಿಸುವುದೇ ಬಿಡುವುದೇ? ಕುರಿ ಕಾಯುತ್ತ ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆಂದು ಹತ್ತಕ್ಕೂ ಹೆಚ್ಚು ಕಟ್ಟೆ ತೋಡಿಸಿದವರು. ಕುರಿ ಮಾರಿದ ದುಡ್ಡನ್ನೂ ಪ್ರಶಸ್ತಿಯ ದುಡ್ಡನ್ನೂ ಅದಕ್ಕೇ ಸುರಿದರು. 2020ರಲ್ಲಿ ಪ್ರಧಾನಿ ತಮ್ಮ 'ಮನ್ ಕಿ ಬಾತ್' ಬಾನುಲಿ ಮಾತಿನಲ್ಲಿ ಅವರ ಹೆಸರು ಹೇಳಿದರು. ಕಾಮೇಗೌಡರು 2022ರಲ್ಲಿ ತೀರಿಕೊಂಡರು. ಅದು ಉದ್ಯಮವಲ್ಲ, ಧರ್ಮ. ಕಟ್ಟೆಯ ನೀರು ಕುಡಿದ ನವಿಲು ಬಿಲ್ಲು ಕೊಡುವುದಿಲ್ಲ. ಎಲ್ಲ ಒಳ್ಳೆಯ ಕೆಲಸಕ್ಕೂ ವ್ಯಾಪಾರದ ದಾರಿ ಇರಲೇಬೇಕು ಎಂದು ವಾದಿಸುವವರು ಒಮ್ಮೆ ಆ ಬೆಟ್ಟ ಹತ್ತಿ ಬರಬೇಕು. ಹೂಳು ತೆಗೆಯುವ ಖರ್ಚನ್ನು ಮುಂದೆ ಯಾರು ಹೊರುತ್ತಾರೆ ಎಂಬ ಪ್ರಶ್ನೆಯೂ ಅಲ್ಲೇ ಕಾಣುತ್ತದೆ.

★ ಸಾಗರ ಸೀಮೆಯ ಹೆಗ್ಗೋಡಿನ ಚರಕ, ರಂಗಕರ್ಮಿ ಪ್ರಸನ್ನರ ಬೆನ್ನಾಸರೆಯಲ್ಲಿ 90ರ ದಶಕದಲ್ಲಿ ಬೆಳೆದ ಹೆಂಗಸರ ಕೈಮಗ್ಗ ಸಹಕಾರಿ. ಬಟ್ಟೆ ನೇಯುವುದು ಚರಕ, ಮಾರುವುದು ದೇಸಿ ಅಂಗಡಿ. ಹೆಸರು, ಗೌರವ, ಗಿರಾಕಿ ಎಲ್ಲ ಇತ್ತು. 2020ರಲ್ಲಿ ಸರಕು ಮಾರದೆ ಉಳಿದಾಗ ತಯಾರಿಕೆ ನಿಲ್ಲಿಸುತ್ತಿದ್ದೇವೆ ಎಂದು ಬಹಿರಂಗವಾಗಿ ಹೇಳಿತು. ನಷ್ಟವನ್ನು ಮುಚ್ಚಿಡದ ಸಂಸ್ಥೆಗಳು ಕಡಿಮೆ, ಅದಕ್ಕೆ ಈ ಮಾತು.

★ ಕೊನೆಯದೊಂದು. ಷೇರುಪೇಟೆಯಲ್ಲಿ ಈಗ ಸಮಾಜಸೇವೆಗೂ ಒಂದು ವಿಭಾಗವಿದೆ. 2019ರ ಬಜೆಟ್‌ನಲ್ಲಿ ಘೋಷಣೆಯಾಯಿತು, ಅಲ್ಲಿ ಮೊದಲು ಪಟ್ಟಿಯಾದ ಸಂಸ್ಥೆ ನಮ್ಮ ಬೆಂಗಳೂರಿನದೇ: ಯುವಕರಿಗೆ ಕೆಲಸದ ತರಬೇತಿ ಕೊಡುವ ಉನ್ನತಿ ಪ್ರತಿಷ್ಠಾನ, 2023ರ ಡಿಸೆಂಬರ್‌ನಲ್ಲಿ, 1.8 ಕೋಟಿ ರೂಪಾಯಿ. ಅದು ಮಾರಿದ ಬಾಂಡಿಗೆ ಬಡ್ಡಿಯೂ ಇಲ್ಲ, ಅಸಲೂ ವಾಪಸ್ ಇಲ್ಲ. ಬದಲಿಗೆ ಆ ದುಡ್ಡಲ್ಲಿ ಏನು ಕೆಲಸವಾಯಿತು ಎಂಬ ವರದಿ ಬರುತ್ತದೆ. ಮೊದಲು ಕನಿಷ್ಠ 2 ಲಕ್ಷ ಹಾಕಬೇಕಿತ್ತು, ಅದನ್ನು 2023ರಲ್ಲಿ 10,000ಕ್ಕೆ ಇಳಿಸಿದರು. ಕೈಸಾಲ ಕೊಟ್ಟು ಅಸಲು ಬಡ್ಡಿ ಎರಡನ್ನೂ ಕಳೆದುಕೊಂಡವರು ಮಂಡ್ಯದಲ್ಲಿ ಮೊದಲಿನಿಂದಲೂ ಬೇಕಾದಷ್ಟಿದ್ದಾರೆ. ಅವರಿಗೆ ವರದಿಯೊಂದು ಸಿಕ್ಕಿರಲಿಲ್ಲ, ಅಷ್ಟೆ.